ಒಂದೇ ‘ಪ್ರ’

ಬೆಟಗೇರಿಯ ನೇಕಾರರ ಸೊಸಾಯಿಟಿ ಚುನಾವಣೆಗೆ
ಮುನ್ನೂರು ಪೋಸ್ಟರು, ಎರಡು ದಿನದೊಳಗೆ.
ಮೇಲೆ ಮೂರು ಬೆರಳಗಲದ ಅಕ್ಷರದಲ್ಲಿ
ಪ್ರಜಾಪ್ರಭುತ್ವ ಅಂತ ಇರಬೇಕು,
ಕೆಳಗೆ ಉಮೇದುವಾರರ ಹೆಸರು,
ಉಳಿದದ್ದು ಹೆಂಗರ ಹಾಕ್ರಿ.

ಕಟ್ಟಿಗೆ ಅಕ್ಷರದ ಪೆಟ್ಟಿಗೆ ತಡಕಿದ ದಾವಲಸಾಬ
ನನ್ನ ಕಡೆ ತಿರುಗಿದ:
‘ದೊಡ್ಡ ಪ್ರ ಒಂದೇ ಐತಲ್ಲಬೇ ತಂಗಿ.’

ಇನ್ನೊಂದನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು.
ಹೊಸದು ಕೆತ್ತಬೇಕಾದ ಮೌನೇಶ ಬಡಿಗೇರ
ಲಕ್ಕುಂಡಿಯಲ್ಲಿ ಯಾರದೋ ಬಾಗಿಲ ಚೌಕಟ್ಟಿನೊಳಗಿದ್ದ,
ಸೋಮವಾರದ ತನಕ ಬರುವವನಲ್ಲ.

ಮಾಲಕ ಅಂದಾನೆಪ್ಪ ಗಲ್ಲಾ ಬಿಟ್ಟು ಏಳದೆ ಅಂದ:
‘ಇದ್ದದ್ದನ್ನ ಪ್ರಭುಗ ಕೊಡು.
ಪ್ರಜಾಕ್ಕ ಸಣ್ಣದು ನಡೀತೈತಿ.
ಯಾರೂ ಪಟ್ಟಿ ಹಿಡಕೊಂಡು ಓದೂದಿಲ್ಲ.’

ನನಗೆ ಆಗ ಹದಿನೇಳು. ಎಸ್ಸೆಸ್ಸೆಲ್ಸಿ ನಪಾಸು.
ಅಕ್ಷರಗಳನ್ನು ಕನ್ನಡಿಯೊಳಗಿನಂತೆ
ತಿರುವುಮುರುವು ಓದಲು ಕಲಿಯುತ್ತಿದ್ದೆ.
ಹಾಗೆ ಓದಿದರೆ ದಿನಾ ಆಡುವ ಮಾತೂ
ಒಂದು ಕ್ಷಣ ಗುರುತು ಸಿಗುವುದಿಲ್ಲ,
ನೆರೆಮನೆಯವರು ಹಿತ್ತಲ ಬಾಗಿಲಿಂದ ಬಂದಂತೆ.

ಸಣ್ಣ ಪ್ರಜೆ, ದೊಡ್ಡ ಪ್ರಭು:
ಜೋಡಿಸಿ ನೋಡಿದ ದಾವಲಸಾಬ. ತೆಗೆದ.
ದೊಡ್ಡ ಪ್ರಜೆ, ಸಣ್ಣ ಪ್ರಭು:
ಅದನ್ನೂ ನೋಡಿದ. ನಕ್ಕ. ತೆಗೆದ.
ಬೀಡಿ ಹಚ್ಚಿ ಬಾಗಿಲಿಗೆ ಹೋಗಿ ನಿಂತ.

ತಿರುಗಿ ಬಂದವನು, ಇದ್ದ ಒಂದನ್ನು ಮೊದಲಿಗಿಟ್ಟು
ಎರಡನೆಯದರ ಜಾಗಕ್ಕೆ
ಮಸಿ ತಾಗದಷ್ಟು ಗಿಡ್ಡ ಮರದ ತುಂಡು ಹಾಕಿದ.
ಖಾಲಿ ತುಂಡು. ಕಾಗದದ ಮೇಲೆ ಕಾಣುವುದಿಲ್ಲ,
ತೆಗೆದರೆ ಸಾಲೆಲ್ಲ ಕುಸಿಯುತ್ತದೆ.
(ಮೂವತ್ತು ವರ್ಷ ಕಂಡಿಕೆ ಸುತ್ತಿದ ನಮ್ಮವ್ವ
ಸೊಸಾಯಿಟಿಯ ಮೆಂಬರಾಗಿರಲಿಲ್ಲ.)

ಆ ರಾತ್ರಿ ಹಗ್ಗದ ಮೇಲೆ ಮುನ್ನೂರು ಹಾಳೆ
ಹಸಿ ಮಸಿಯಲ್ಲಿ ತೂಗಾಡಿದವು:

        ಪ್ರಜಾ          ಭುತ್ವ

ಭುತ್ವ ಅಂದರ ಏನು ಕಾಕಾ?
‘ಏನೂ ಇಲ್ಲ. ನಾಳಿ ಆಗತೈತಿ.’

ನಾಳೆ ಎಂಬುದಕ್ಕೆ ಅಳತೆಯಿದೆ ಎಂದು
ನನಗೆ ಗೊತ್ತಾದದ್ದು ಆವತ್ತು: ಮೂರು ಬೆರಳು.
ಅದು ಯಾರೋ ಎದ್ದುಹೋದ ಜಾಗವೋ,
ಇಲ್ಲಾ ಬಸ್ಸಿನ ಸೀಟಿಗೆ ಟವೆಲ್ಲು ಹಾಕಿದಂತೆ
ಇನ್ನೂ ಬರದವರಿಗೆ ಹಿಡಿದಿಟ್ಟ ಜಾಗವೋ,
ಕಂದೀಲು ಎತ್ತಿ ಹಿಡಿದು ಎಷ್ಟು ಹೊತ್ತು ನೋಡಿದರೂ
ತಿಳಿಯಲಿಲ್ಲ.

ಬೆಳಿಗ್ಗೆ ಉಳಿದ ಅಕ್ಷರಗಳನ್ನೆಲ್ಲ ಇಳಿಸಿ,
ಅದೇ ಪ್ರ-ವನ್ನು ಸೀಮೆಎಣ್ಣೆಯಲ್ಲಿ ತೊಳೆದು
ಎರಡನೆಯ ಮನೆಗೆ ಕೂಡಿಸಿದ.
ಹಾಳೆ ಕೊಡುತ್ತ ಕೊಡುತ್ತ ಕಂಡೆ:
ಈಗ ಪ್ರಭು ಇದ್ದಾಗ ಪ್ರಜೆಯ ಮನೆ ಖಾಲಿ,
ನಿನ್ನೆ ಪ್ರಜೆ ಇದ್ದಾಗ ಪ್ರಭುವಿನದು.
ಇರುವುದು ಒಂದೇ ತುಂಡು ಮರ,
ಅಡಿಯ ಒತ್ತು ತುಸು ಸವೆದದ್ದು,
ಒಂದೇ ಹೊತ್ತಿಗೆ ಎರಡೂ ಕಡೆ ಕೂಡ್ರಲಾರದು.
ಮಂದಿ ಮಾತ್ರ ಗೋಡೆಯ ಮುಂದೆ ನಿಂತು
ಎರಡನ್ನೂ ಒಂದೇ ಉಸಿರಿಗೆ ಓದಿದರು,
ತೊದಲದೆ.

ಗೆದ್ದವರು ಗೆದ್ದರು. ಹನ್ನೊಂದು ಓಟು ಅಸಿಂಧು:
ಎರಡು ಹೆಸರಿನ ನಡುಗೆರೆಯ ಮೇಲೆ ಮುದ್ರೆ.
ತಪ್ಪಿ ಬಿದ್ದದ್ದೋ, ಅಲ್ಲೇ ಬೀಳಲಿ ಎಂದದ್ದೋ
ಯಾರೂ ಕೇಳಲಿಲ್ಲ.

ನಾವು ಮೊಳೆ ಬಿಚ್ಚಿದೆವು.
‘ಬಿಚ್ಚೂದ ಕೆಲಸದ ಅರ್ಧ,’ ಅನ್ನುತ್ತಿದ್ದ ದಾವಲಸಾಬ,
‘ಬಿಚ್ಚದವಗ ಮುಂದಿನ ಹಾಳಿ ಇಲ್ಲ.’
ಗೆದ್ದವನ ಹೆಸರಿನ ಗ, ಸೋತವನ ಹೆಸರಿನ ಗ
ಒಂದೇ ಖಾನೆಗೆ ಟಣ್ಣನೆ ಬಿದ್ದವು.
ಯಾವುದು ಯಾರದೆಂದರೆ ಸೀಸ ಏನು ಹೇಳೀತು.

ಒಂದು ಹಾಳೆ ಎರಡನೆಯ ಸಲ ಮಶೀನಿಗೆ ಹೋಗಿರಲಿಲ್ಲ.
ವಾರದ ನಂತರ ಸ್ಟೇಶನ್ ರೋಡಿನಲ್ಲಿ
ಗುರಸಿದ್ದವ್ವ ಅದರಲ್ಲೇ ಮಿರ್ಚಿ ಸುತ್ತಿ ಕೊಟ್ಟಳು.
ಎಣ್ಣೆ ಇಳಿದು ಕಾಗದ ತೆಳುವಾಗಿ
ಆ ಮೂರು ಬೆರಳಗಲದೊಳಗೆ
ನನ್ನ ಹೆಬ್ಬೆಟ್ಟು ಕಾಣುತ್ತಿತ್ತು.

ಬಿಸಿ ಇತ್ತು. ಕೈ ಬದಲಿಸಿದೆ.